ಗೀತೆಯಲ್ಲ, ಗೆರೆ

ಕಳೆದ ತಿಂಗಳು ವಿಜಯವಾಡದಲ್ಲಿ ನನ್ನ ಸೋದರತ್ತೆಯ ಮಗಳು ಸಿಂಧು ಮನೆ ಬದಲಾಯಿಸುತ್ತಿದ್ದಳು. ಎರಡು ದಿನ ರಜೆ ಹಾಕಿ ಸಹಾಯಕ್ಕೆ ಹೋಗಿದ್ದೆ. ಸಹಾಯ ಅಂದರೆ ಅವಳು ಪೆಟ್ಟಿಗೆ ತುಂಬುವುದು, ನಾನು ಅದರ ಮೇಲೆ 'ಪಾತ್ರೆ', 'ಪುಸ್ತಕ' ಎಂದು ಬರೆಯುವುದು. ಅವಳು ಕೈಗೆ ಕೊಟ್ಟ ಕಪ್ಪು ಮಾರ್ಕರಿನ ಮುಚ್ಚಳ ತೆಗೆದದ್ದೇ ತಡ, ಅದರ ಘಾಟು ಮೂಗಿಗೆ ಹೊಡೆಯಿತು. 'ಪುಸ್ತಕ' ಎಂದು ಬರೆಯಲು ಹೊರಟವಳು 'ಪು' ಬರೆದು ಅಲ್ಲೇ ನಿಂತೆ. ಪರವಾಡದ ಆ ಶೆಡ್ಡು, ಅಲ್ಲಿ ತಗಡಿನ ಮೇಲೆ ಬೀಳುತ್ತಿದ್ದ ಮಳೆ, ಮಡಿಲಲ್ಲಿ ರಟ್ಟಿನ ಮುಚ್ಚಳ ಇಟ್ಟುಕೊಂಡು ಕೂತ ಒಬ್ಬ ಮನುಷ್ಯ, ಎಲ್ಲ ಒಟ್ಟಿಗೆ ಬಂದವು. ಅವುಗಳ ಹಿಂದೆಯೇ ನಾಚಿಕೆಯೂ ಬಂತು. ಅದು ಯಾವಾಗಲೂ ಕರೆಯದೆಯೇ ಬರುತ್ತದೆ.

ಎಷ್ಟೋ ವರ್ಷಗಳ ಹಿಂದೆ ನಾನು ತೆಲುಗು ನಾಡಿನ ಕಡಲತೀರದ ಪರವಾಡದ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗಕ್ಕೆ ಹೊಸದಾಗಿ ಸೇರಿದ್ದೆ. ಹಾವೇರಿ ಬಿಟ್ಟು ಹೊರಗೆ ಬದುಕಿದ್ದು ಅದೇ ಮೊದಲು. ಅಲ್ಲಿಗೆ ಹತ್ತಿರದ ಗಾಜುವಾಕದಲ್ಲಿ ಸತ್ಯವತಿಗಾರು ಎಂಬ ವಿಧವೆಯ ಮನೆಯ ಮಹಡಿ ಮೇಲೆ ಒಂದು ಕೋಣೆ ಹಿಡಿದಿದ್ದೆ. ಬೆಳಿಗ್ಗೆ ಆರೂವರೆಗೆ ಕಂಪನಿ ಬಸ್ಸು. ಜೂನ್ ತಿಂಗಳ ಸೆಕೆ ಎಂಥದೆಂದರೆ ಸ್ನಾನ ಮಾಡಿ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಸ್ನಾನ ಆಗಿರುತ್ತಿತ್ತು. ಕೆಲಸ ಮಾತ್ರ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು: ಕಾಗದ ಓದುವುದು, ತಪ್ಪು ಹಿಡಿಯುವುದು. ಲೇಬಲ್ಲಿನಲ್ಲಿ ಒಂದು ಚುಕ್ಕಿ ಆಚೀಚೆಯಾದರೂ ನನ್ನ ಕಣ್ಣಿಗೆ ಬೀಳುತ್ತಿತ್ತು. ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಮುಂದೆ ನಡೆದದ್ದನ್ನು ಓದುವಾಗ ಈ ಜಂಬವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಸೇರಿದ ಎರಡನೇ ವಾರ ನನ್ನನ್ನು ಖಾಲಿ ಡ್ರಮ್ಮುಗಳ ಶೆಡ್ಡಿಗೆ ಕಳಿಸಿದರು. ಔಷಧದ ಕಚ್ಚಾ ಪುಡಿಗಳು ಬರುವುದು ರಟ್ಟಿನ ಡ್ರಮ್ಮುಗಳಲ್ಲಿ. ಅವುಗಳ ದುಂಡನೆಯ ಮುಚ್ಚಳದ ಮೇಲೆ ಲೇಬಲ್ ಅಂಟಿಸಿರುತ್ತದೆ. ಡ್ರಮ್ಮು ಖಾಲಿಯಾಗಿ ಗುಜರಿಗೆ ಹೋಗುವ ಮೊದಲು ಆ ಲೇಬಲ್ಲನ್ನು ಕೆಡಿಸಬೇಕು, ಒಂದಕ್ಷರವೂ ಓದಲು ಬರಬಾರದು ಎಂಬುದು ನಿಯಮ. ಇಲ್ಲದಿದ್ದರೆ ಯಾರೋ ಅದರಲ್ಲಿ ಸುಣ್ಣದ ಪುಡಿ ತುಂಬಿ ಔಷಧವೆಂದು ಮಾರಿಯಾರು. ನಿಯಮ ಹಾಗಿದ್ದರೂ ಮಾರ್ಕರಿನಿಂದ ಎರಡು ಗೀಟು ಎಳೆದು ಇಂಟು ಗುರುತು ಹಾಕಿದರೆ ಸಾಕೆಂದು ಎಲ್ಲ ಕಡೆ ಒಪ್ಪಿಕೊಂಡುಬಿಟ್ಟಿದ್ದಾರೆ. ಕೆಡಿಸಿದ್ದು ಸರಿಯಾಗಿದೆ ಎಂದು ನೋಡಿ ಸಹಿ ಹಾಕುವುದು ನನ್ನ ಪಾಲಿನ ಕೆಲಸ.

ಕೆಡಿಸುವ ಕೆಲಸ ಸಿಂಹಾಚಲಂ ಅವರದು. ಗುತ್ತಿಗೆಯ ಮೇಲೆ ಇದ್ದವರು, ಐವತ್ತರ ಆಸುಪಾಸು, ನೀಟಾಗಿ ಕತ್ತರಿಸಿದ ಮೀಸೆ, ಕಿವಿಯ ಹಿಂದೆ ಯಾವಾಗಲೂ ಒಂದು ಮಾರ್ಕರ್. ಅವರು ಮುಗಿಸಿಟ್ಟ ಮುಚ್ಚಳಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ಇಂಟು ಗುರುತು ಎಲ್ಲಿಯೂ ಇರಲಿಲ್ಲ. ಒಂದರ ಮೇಲೆ ಮೈಯೆಲ್ಲ ಕಣ್ಣಾದ ಮೀನು. ಇನ್ನೊಂದರಲ್ಲಿ ಏಳು ಹೆಂಗಸರು ಸಾಲಾಗಿ ನಿಂತಿದ್ದಾರೆ, ಒಬ್ಬಳ ಜಡೆ ಮುಂದಿನವಳ ಸೊಂಟ ಸುತ್ತಿ ಹಗ್ಗವಾಗಿ ಹೋಗಿದೆ. ಮತ್ತೊಂದರಲ್ಲಿ ದೋಣಿ ಇದೆ, ನೀರಿಲ್ಲ, ನೀರಿರಬೇಕಾದ ಜಾಗದಲ್ಲಿ ಪುಟ್ಟ ಪುಟ್ಟ ಕಿವಿಗಳು. ಕೆಳಗಿದ್ದ ಅಕ್ಷರಗಳನ್ನು ಹುಡುಕಿದೆ. ಎಂಟರ ಅಂಕಿ ಇರುವೆಯಾಗಿತ್ತು. ಇಂಗ್ಲಿಷಿನ 'ಬಿ' ಒಬ್ಬಳ ಎರಡು ಕೆನ್ನೆಯಾಗಿತ್ತು. ಅಕ್ಷರವನ್ನು ಹೊಡೆದುಹಾಕದೆ ಪ್ರತಿಯೊಂದನ್ನೂ ಏನಾದರೊಂದು ಮಾಡಿಟ್ಟಿದ್ದರು. ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಇಡೀ ಕಾರ್ಖಾನೆಯಲ್ಲಿ ಆ ನಿಯಮವನ್ನು ಚಾಚೂತಪ್ಪದೆ ಪಾಲಿಸಿದವರು ಅವರೊಬ್ಬರೇ.

ಕೈಸನ್ನೆ, ಅರ್ಧಂಬರ್ಧ ಹಿಂದಿ, ಎರಡು ವಾರದ ತೆಲುಗು ಎಲ್ಲ ಸೇರಿಸಿ, ಇದೇನು, ಯಾಕೆ ಹೀಗೆ ಎಂದು ಕೇಳಿದೆ. ಬೈಯುತ್ತಿದ್ದೇನೆ ಎಂದುಕೊಂಡರೋ ಏನೋ, ಎದ್ದು ನಿಂತು ನಾಚಿ ನಕ್ಕರು.

"ಏಟೀ ನೇದಮ್ಮಾ. ಊರಿಕೇ. ಪಿಚ್ಚಿ ಗೀತಲು."

ಮೊದಲಿನದು ಅರ್ಥವಾಯಿತು, ಏನೂ ಇಲ್ಲಮ್ಮಾ ಎಂದು. ಉಳಿದ ಮೂರು ಮಾತೂ ಅರ್ಥವಾದವು ಎಂದುಕೊಂಡೆ. ತೆಲುಗು ನಮ್ಮ ಭಾಷೆಯ ತಂಗಿ ತಾನೇ ಎಂಬ ಭಂಡ ಧೈರ್ಯ ಇತ್ತಲ್ಲ. ಪಿಚ್ಚಿ ಅಂದರೆ ಹುಚ್ಚು, ಅದು ಬಸ್ಸಿನ ಬೈಗುಳದಲ್ಲಿ ಕೇಳಿದ ಮಾತು. ಗೀತಲು ಅಂದರೆ ಗೀತೆಗಳು, ಇನ್ನೇನು. ಊರಿಕೇ ಅಂದರೆ ಊರಿಗೆ. ಊರಿಗೆ, ಹುಚ್ಚು ಗೀತೆಗಳು! ಆ ಶೆಡ್ಡಿನಲ್ಲಿ, ದ್ರಾವಕದ ವಾಸನೆಯ ನಡುವೆ, ಒಬ್ಬ ಕೂಲಿ ಮನುಷ್ಯ ಇಂಥ ಮಾತನ್ನು ಇಷ್ಟು ಸಲೀಸಾಗಿ ಆಡಿದರಲ್ಲ ಎಂದು ನನಗೆ ಮೈ ಜುಮ್ಮೆಂದಿತು. ಆ ದಿನ ಎಲ್ಲ ಮುಚ್ಚಳಗಳಿಗೂ ಸಹಿ ಹಾಕಿ ಬಂದೆ.

ಅಲ್ಲಿಂದ ಮುಂದೆ ಮಳೆಗಾಲವಿಡೀ ಊಟದ ಬಿಡುವಿನಲ್ಲಿ ಶೆಡ್ಡಿಗೆ ಹೋಗುವುದು ರೂಢಿಯಾಯಿತು. ಅವರು ಮುಚ್ಚಳವನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗೈಯಿಂದ ನಿಧಾನ ತಿರುಗಿಸುತ್ತಿದ್ದರು, ಬಲಗೈ ಇದ್ದಲ್ಲೇ ಇರುತ್ತಿತ್ತು. ನಮ್ಮಲ್ಲಿ ರೊಟ್ಟಿ ತಟ್ಟುವಾಗ ತಿರುಗಿಸುತ್ತಾರಲ್ಲ, ಹಾಗೆ. ಯಾರಿಂದಲೂ ಕಲಿತಿರಲಿಲ್ಲ. ಚಿತ್ರ ಬರೆಯುತ್ತೇನೆ ಎಂದು ಅವರಿಗೆ ಅನಿಸಿದ್ದೂ ಇಲ್ಲ. ಮುಗಿದ ಮೇಲೆ ಒಂದು ಸಲ ದೂರ ಹಿಡಿದು ನೋಡಿ, ರಾಶಿಗೆ ಎಸೆಯುತ್ತಿದ್ದರು. ಅದು ಸಂಜೆಗೆ ಗುಜರಿ ಲಾರಿ ಏರುತ್ತಿತ್ತು.

ಆ ಚಿತ್ರಗಳು ನನ್ನನ್ನು ಯಾಕೆ ಹಾಗೆ ಹಿಡಿದವು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕಲಿತವರ ಚಿತ್ರದಲ್ಲಿ ಎಲ್ಲಿ ನಿಂತು ನೋಡಬೇಕೆಂದು ಚಿತ್ರವೇ ಹೇಳುತ್ತದೆ. ಇಲ್ಲಿ ಹೇಳುವವರಿಲ್ಲ. ಮೀನಿನಷ್ಟೇ ಇರುವೆಯೂ ದೊಡ್ಡದು, ಮೂಲೆ ಎಂಬುದೇ ಇಲ್ಲ, ಖಾಲಿ ಬಿಟ್ಟ ಜಾಗವಂತೂ ಸಾಸಿವೆಯಷ್ಟೂ ಇಲ್ಲ. ನೋಡುತ್ತಿದ್ದರೆ ಯಾರದೋ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗಾಗುತ್ತಿತ್ತು. ಇದು ಅರ್ಧ ಸತ್ಯ. ಉಳಿದರ್ಧ ಹೇಳಲು ಕಷ್ಟ. ಅವನ್ನು ಬರೆದವರಿಗೆ ಹುಚ್ಚು ಇರಬಹುದು, ಕಳೆದುಹೋದ ಊರೊಂದು ಇರಬಹುದು ಎಂಬ ಆಸೆ ನನಗಿತ್ತು. ಹೌದು, ಆಸೆ. ಒಬ್ಬ ನೆಮ್ಮದಿಯ ಮನುಷ್ಯ ಬೇಸರ ಕಳೆಯಲು ಬರೆದದ್ದು ಎಂದು ಗೊತ್ತಿದ್ದರೆ ನಾನು ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲವೇನೋ. ಇನ್ನೊಬ್ಬರ ನೋವು ಹಿಂದೆ ಇದೆ ಎಂದರೆ ಚಿತ್ರ ಇನ್ನಷ್ಟು ಚೆನ್ನಾಗಿ ಕಾಣುತ್ತದೆ ಎಂಬ ಹೊಲಸು ಸತ್ಯವನ್ನು ಆ ಮಳೆಗಾಲ ನನಗೆ ಕಲಿಸಿತು, ಆದರೆ ಕಲಿತದ್ದು ಆಮೇಲೆ.

ಆಗಸ್ಟಿನಲ್ಲಿ ಒಂದು ಮುಚ್ಚಳ ಕೊಡುತ್ತೀರಾ ಎಂದು ಕೇಳಿದೆ. "ತೀಸ್ಕೆಳ್ಳಂಡಮ್ಮಾ, ಚೆತ್ತೇ ಗದಾ" ಎಂದರು, ತಗೊಂಡು ಹೋಗಿ, ಕಸ ತಾನೇ ಎಂದು. ಕಸವೇ ಆದರೂ ಕಾರ್ಖಾನೆಯ ವಸ್ತು, ಗೇಟ್ ಪಾಸ್ ಇಲ್ಲದೆ ಹೊರಗೆ ಒಯ್ಯುವಂತಿಲ್ಲ. ಒಯ್ದೆ. ಮಳೆಕೋಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ಕಾಲ ಕೆಳಗೆ ಇಟ್ಟುಕೊಂಡು, ಎರಡು ತಿಂಗಳಲ್ಲಿ ಹನ್ನೆರಡು ಮುಚ್ಚಳ. ಪ್ರತಿ ಸಹಿಗೂ ನಿಯಮ ಹೇಳುತ್ತಿದ್ದ ನಾನೇ.

ಈಗ ಸಿಂಧುವಿನ ವಿಷಯ. ನಮ್ಮತ್ತೆ ಹಾವೇರಿಯಿಂದ ವಿಜಯವಾಡದ ತೆಲುಗು ಮನೆಗೆ ಮದುವೆಯಾಗಿ ಹೋದವರು. ಸಿಂಧುವಿಗೆ ತೆಲುಗೇ ಗಟ್ಟಿ, ಕನ್ನಡ ಅಮ್ಮನ ಜೊತೆ ಊಟ ತಿಂಡಿಗೆ ಸಾಕಾಗುವಷ್ಟು. ಬಂದರು ರಸ್ತೆಯ ಹತ್ತಿರ ಒಂದು ಪುಟ್ಟ ಹಾಲ್ ಬಾಡಿಗೆಗೆ ಹಿಡಿದು ಆಗಾಗ ಚಿತ್ರಗಳ ಪ್ರದರ್ಶನ ನಡೆಸುತ್ತಿದ್ದಳು. ನಾನು ಫೋನಿನಲ್ಲಿ ಮುಚ್ಚಳಗಳ ಫೋಟೊ ಕಳಿಸಿದ ಐದೇ ನಿಮಿಷಕ್ಕೆ ಕರೆ ಮಾಡಿದಳು.

"ಅಕ್ಕಾ, ಇವು ಯಾರವು? ಎಲ್ಲಾ ನನಗ ಬೇಕು. ಡಿಸೆಂಬರಿಗೆ ಹಾಕೋಣು. ನೀನ ಒಂದು ಪೇಜು ಇಂಗ್ಲಿಷಿನ್ಯಾಗ ಬರದು ಕಳಸು, ನಾ ತೆಲುಗು ಮಾಡಿಕೋತೀನಿ."

ಬರೆದೆ. ನನ್ನ ಜೀವನದಲ್ಲಿ ಅಷ್ಟು ಉತ್ಸಾಹದಿಂದ ಇನ್ನೇನನ್ನೂ ಬರೆದಿಲ್ಲ. 'ತನ್ನ ಚಿತ್ರಗಳನ್ನು ಆತ ಊರಿಗೆ ಹಾಡುವ ಹುಚ್ಚು ಗೀತೆಗಳೆಂದು ಕರೆಯುತ್ತಾನೆ' ಎಂಬುದು ಮೊದಲ ವಾಕ್ಯ. ಊರು ಯಾವುದೆಂದು ಕೇಳಿರಲಿಲ್ಲ, ಕಾರ್ಖಾನೆಗಳಿಗೆ ಜಾಗ ಬಿಟ್ಟುಕೊಟ್ಟ ಕಡಲತೀರದ ಹಳ್ಳಿ ಇರಬೇಕೆಂದು ನಾನೇ ಸೇರಿಸಿದೆ. ದೋಣಿ ಇದೆಯಲ್ಲ, ನೀರಿಲ್ಲವಲ್ಲ, ಇನ್ನೇನು ಸಾಕ್ಷಿ ಬೇಕು? ಸಿಂಹಾಚಲಂ ಅವರಿಗೆ, ವಿಜಯವಾಡದಲ್ಲಿ ನಿಮ್ಮ ಮುಚ್ಚಳ ಗೋಡೆಗೆ ಹಾಕುತ್ತಾರೆ ಎಂದಷ್ಟೇ ಹೇಳಿದೆ. ಅವರು ನಂಬಲಿಲ್ಲ. ಮೂರನೆಯ ಸಲ ಹೇಳಿದ ಮೇಲೆ, ನಾನೂ ಬರಬಹುದಾ ಎಂದು ಕೇಳಿದರು.

ನವೆಂಬರಿನಲ್ಲಿ ವಾಯುಭಾರ ಕುಸಿತವಾಗಿ ನಾಲ್ಕು ದಿನ ಜಡಿಮಳೆ ಹಿಡಿಯಿತು. ಒಂದು ಭಾನುವಾರ ಮಧ್ಯಾಹ್ನ ಕೆಳಗಿನಿಂದ ಸತ್ಯವತಿಗಾರು ಕೂಗುವುದು ಕೇಳಿ ಇಳಿದು ಬಂದೆ. ಹೊರಗೆ ಆಡಲು ಬಿಡದೆ ಕೂಡಿಹಾಕಿದ್ದ ಮೊಮ್ಮಗಳು, ನಾಲ್ಕು ವರ್ಷದ್ದು, ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಇದ್ದಿಲಿನಿಂದ ತನ್ನ ಕೈ ಎಟಕುವವರೆಗೆ ಗೀಚಿಬಿಟ್ಟಿತ್ತು.

"ಚೂಡಮ್ಮಾ, ಗೋಡಂತಾ ಪಿಚ್ಚಿ ಗೀತಲು ಗೀಸೇಸಿಂದಿ!" ಎಂದರು ಸತ್ಯವತಿಗಾರು.

ನಾನು ಮೆಟ್ಟಿಲ ಮೇಲೆ ನಿಂತೆ. ಪಿಚ್ಚಿ ಗೀತಲು ಅಂದರೆ ಏನು ಎಂದು ಕೇಳಿದೆ. ಇದೆಂಥ ಪ್ರಶ್ನೆ ಎಂಬಂತೆ ನನ್ನ ಮುಖ ನೋಡಿ, ಗೋಡೆ ತೋರಿಸಿದರು. ಗೀತ ಅಂದರೆ ಗೆರೆ. ಪಿಚ್ಚಿ ಗೀತಲು ಅಂದರೆ ಮಕ್ಕಳು ಗೀಚುವುದು, ಫೋನಿನಲ್ಲಿ ಮಾತಾಡುತ್ತ ನಾವು ಕಾಗದದ ಮೇಲೆ ಗೀಚುವುದು. ಹಾಗಾದರೆ ಊರಿಕೇ? "ಊರಿಕೇ ಅಂಟೇ ಊರಿಕೇ" ಎಂದು ಅವರು ಕೈ ತಿರುವಿದರು. ಆ ಕೈ ತಿರುವಿದ್ದರಲ್ಲೇ ಗೊತ್ತಾಯಿತು. ಸುಮ್ಮನೆ. ಏನೂ ಇಲ್ಲಮ್ಮಾ, ಸುಮ್ಮನೆ ಗೀಚಿದ್ದು. ಅವರು ಹೇಳಿದ್ದು ಇಷ್ಟೇ.

ಪ್ರದರ್ಶನಕ್ಕೆ ಇನ್ನೂ ಹದಿಮೂರು ದಿನವಿತ್ತು. ಮಹಡಿಗೆ ಹೋಗಿ ಸಿಂಧುವಿಗೆ ಫೋನ್ ಮಾಡಿದೆ. ಮಾಡಿದ್ದು ನಿಜ, ಅದನ್ನು ನನ್ನ ಪರವಾಗಿ ಹೇಳಬಹುದಾದ ಒಂದೇ ಮಾತಾಗಿ ಇಟ್ಟುಕೊಂಡಿದ್ದೇನೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು.

"ಅಕ್ಕಾ, ನೀ ಬರದದ್ದು ಎಂಥಾ ಛಲೋ ಅದ ಗೊತ್ತೇನು! ಓದಿದವ್ರೆಲ್ಲಾ ಆ ಮನಿಷ್ಯಾ ಯಾರು, ಆ ಮನಿಷ್ಯಾ ಯಾರು ಅಂತಾರ. ಪೇಪರಿನವ್ರೂ ಬರ್ತೀನಿ ಅಂದಾರ. ಹೇಳು, ಯಾಕ ಮಾಡಿದ್ದಿ?"

"ಏನಿಲ್ಲವಾ," ಎಂದೆ. "ಸುಮ್ಮನ ಮಾಡಿದ್ದೆ."

ಊರಿಕೇ.

ಯಾಕೆ ಹೇಳಲಿಲ್ಲ ಎಂದು ಕೇಳಿದರೆ ನೂರು ಕಾರಣ ಕೊಡಬಲ್ಲೆ. ನಿಜವಾದದ್ದು ಒಂದೇ. ನಾನು ಬರೆದದ್ದು ಚೆನ್ನಾಗಿತ್ತು, ಅವರು ಹೇಳಿದ್ದು ಸಪ್ಪೆಯಾಗಿತ್ತು. ಕಾರ್ಖಾನೆಯಲ್ಲಿ ಒಂದು ಚುಕ್ಕಿ ತಪ್ಪಿದರೆ ಇಡೀ ದಿನದ ಮಾಲು ತಡೆದು ನಿಲ್ಲಿಸುತ್ತಿದ್ದವಳು, ಒಬ್ಬ ಮನುಷ್ಯನ ಮೇಲೆ ಅಂಟಿಸಿದ ಲೇಬಲ್ ಪೂರ್ತಿ ತಪ್ಪು ಎಂದು ತಿಳಿದೂ ಸುಮ್ಮನಾದೆ.

ಡಿಸೆಂಬರಿನ ಆ ಶನಿವಾರ ವಿಜಯವಾಡದಲ್ಲಿ ಬಿಸಿಲು ಎಳೆಯದಾಗಿತ್ತು. ಸಿಂಹಾಚಲಂ ಬೆಳಗಿನ ರೈಲಿಗೆ ಒಬ್ಬರೇ ಬಂದರು. ಇಸ್ತ್ರಿಯ ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ, ಕೈಯಲ್ಲಿ ಮಾಡುಗುಲ ಹಲ್ವದ ಪೊಟ್ಟಣ. ಅದು ಮುಚ್ಚಳಗಳನ್ನು ಗೋಡೆಗೆ ಹಾಕಿಸಿದ ಅಮ್ಮನಿಗೆ, ಅಂದರೆ ಸಿಂಧುವಿಗೆ. ಹಾಲ್‌ನ ಬಾಗಿಲಲ್ಲಿ ದೊಡ್ಡ ಫಲಕವಿತ್ತು. ನನ್ನ ಇಂಗ್ಲಿಷನ್ನು ಸಿಂಧು ತೆಲುಗು ಮಾಡಿದ್ದಳು: 'ಪಿಚ್ಚಿವಾಡಿ ಪಾಟಲು'. ಹುಚ್ಚನ ಹಾಡುಗಳು. ಅವರ ಬಾಯಿಂದ ಗೆರೆಯಾಗಿ ಹೊರಟ ಮಾತು ನನ್ನ ಕನ್ನಡದಲ್ಲಿ ಗೀತೆಯಾಗಿ, ಇಂಗ್ಲಿಷಿಗೆ ಹೋಗಿ, ಅವರ ಭಾಷೆಗೇ ಮರಳಿ ಬರುವಾಗ ನಡುವೆ ಒಬ್ಬ ಹುಚ್ಚನನ್ನು ಹುಟ್ಟಿಸಿಕೊಂಡು ಬಂದಿತ್ತು.

ಅವರು ತುಟಿ ಅಲುಗಿಸುತ್ತ ನಿಧಾನವಾಗಿ ಓದಿದರು. ಒಳಗೆ ಇಣುಕಿದರು. ಮೈಕು, ಹಾರ್ಮೋನಿಯಂ ಏನಾದರೂ ಇದೆಯೇ ಎಂದು ಹುಡುಕಿದಂತಿತ್ತು.

"ಪಾಟಲೆಕ್ಕಡಮ್ಮಾ?" ಹಾಡು ಎಲ್ಲಿ ಎಂದು ಕೇಳಿದರು. ಮತ್ತೆ ದನಿ ತಗ್ಗಿಸಿ, ಪಾಪದ ಯಾರೋ ಇದ್ದಾರೆ ಎಂಬ ಕನಿಕರದಲ್ಲಿ, "ಎವರಮ್ಮಾ ಆ ಪಿಚ್ಚೋಡು?" ಎಂದರು, ಆ ಹುಚ್ಚ ಯಾರಮ್ಮಾ ಎಂದು.

ನಾನು ಉತ್ತರಿಸಬೇಕಾಗಿ ಬರಲಿಲ್ಲ. ಅವರ ಕಣ್ಣು ಫಲಕದ ಕೆಳಗಿನ ಸಾಲಿಗೆ ಇಳಿದಿತ್ತು. ಅಲ್ಲಿ ಅವರ ಹೆಸರಿತ್ತು. ಅದನ್ನು ಎರಡು ಸಲ ಓದಿದರು. ಅಷ್ಟರಲ್ಲಿ ಸಿಂಧು ಓಡಿ ಬಂದು ಕೈಮುಗಿದು, ಅವರನ್ನು ಮೀನಿನ ಮುಚ್ಚಳದ ಪಕ್ಕ ನಿಲ್ಲಿಸಿದಳು. ಪೇಪರಿನವರು ಫೋಟೊ ತೆಗೆದರು. ಹಲ್ವದ ಪೊಟ್ಟಣ ಅವರ ಕೈಯಲ್ಲೇ ಇತ್ತು. ಹೊರಡುವಾಗ ಅದನ್ನು ಮರೆಯದೆ ಸಿಂಧುವಿಗೆ ಕೊಟ್ಟರು.

ಸೋಮವಾರ ಆ ಪೇಪರ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೈಯಿಂದ ಕೈಗೆ ಹೋಯಿತು. ಬುಧವಾರ ಸಿಂಹಾಚಲಂ ಅವರನ್ನು ಗೇಟಿನಲ್ಲೇ ತಡೆದರು. ಬೆಂಕಿ ತಗಲುವ ದ್ರಾವಕಗಳಿರುವ ಜಾಗ, ತಲೆ ಸರಿಯಿಲ್ಲದವರನ್ನು ಒಳಗೆ ಬಿಡುವುದು ಹೇಗೆ, ಹುಚ್ಚಿಲ್ಲ ಎಂದು ಸರ್ಕಾರಿ ಡಾಕ್ಟರಿಂದ ಚೀಟಿ ತರಲಿ ಎಂದರು. ಅದು ಬರುವವರೆಗೆ ಕೆಲಸವಿಲ್ಲ. ಮುಚ್ಚಳ ಹೊರಗೆ ಹೋದದ್ದು ಹೇಗೆ ಎಂದೂ ಕೇಳಿದರಂತೆ. ಕಸ ಎಂದುಕೊಂಡು ನಾನೇ ಒಯ್ದೆ ಎಂದರಂತೆ ಸಿಂಹಾಚಲಂ. ನನ್ನ ಹೆಸರು ಹೇಳಲಿಲ್ಲ.

ನಾನು ಎದ್ದು ಎರಡು ಮಹಡಿ ಇಳಿದು ಆಡಳಿತದವರ ಬಳಿ ಹೋಗಿ, ಅದನ್ನು ಬರೆದವಳು ನಾನು, ಮುಚ್ಚಳ ಒಯ್ದವಳು ನಾನು, ಆ ಮನುಷ್ಯನಿಗೆ ನಿಮ್ಮಷ್ಟೇ ಬುದ್ಧಿ ನೆಟ್ಟಗಿದೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೊಸ ಕೆಲಸ ಹೋಗುತ್ತಿತ್ತು, ಅಷ್ಟೇ. ಆ ಅಷ್ಟೇ ನನ್ನಿಂದ ಆಗಲಿಲ್ಲ. ಕುರ್ಚಿಯಲ್ಲಿ ಕೂತು ಬೇರೆಯವರ ಕಾಗದಗಳಲ್ಲಿ ತಪ್ಪು ಹಿಡಿಯುತ್ತಿದ್ದೆ.

ಹದಿನೇಳು ದಿನದ ಮೇಲೆ ಅವರು ಚೀಟಿ ತಂದರು. ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಂತು, ಮೂರು ಸಲ ಹೋಗಿ ಬಂದು, ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆದರೆ ಎಷ್ಟು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು ತಂದ ಚೀಟಿ. ಅದಕ್ಕೆ ಪ್ಲಾಸ್ಟಿಕ್ ಹಾಕಿಸಿದ್ದರು. ಕ್ಯಾಂಟೀನಿನಲ್ಲಿ ಯಾರೋ ಪಿಚ್ಚೋಡು ಎಂದು ಕೆಣಕಿದಾಗ ಅಂಗಿಯ ಜೇಬಿನಿಂದ ತೆಗೆದು ತೋರಿಸಿ, "ನಾಕು ಸರ್ಟಿಫಿಕೇಟುಂದಿರಾ, ಮೀಕುಂದಾ?" ಎಂದರು. ನನಗೆ ಹುಚ್ಚಿಲ್ಲ ಎಂದು ಸರ್ಟಿಫಿಕೇಟಿದೆ, ನಿಮಗಿದೆಯಾ? ಎಲ್ಲರೂ ನಕ್ಕರು. ನಾನೂ ನಕ್ಕೆ, ದೇವರೇ.

ಮರುದಿನ ಲೇಬಲ್ ನೋಡಲು ಶೆಡ್ಡಿಗೆ ಹೋದೆ. ಮೊದಲ ಮುಚ್ಚಳದ ಮೇಲೆ ಇಂಟು ಗುರುತು. ಎರಡನೆಯದರ ಮೇಲೂ. ಮೂವತ್ತೆಂಟು ಮುಚ್ಚಳ, ಮೂವತ್ತೆಂಟು ಇಂಟು ಗುರುತು. ಕೆಳಗಿನ ಅಕ್ಷರಗಳನ್ನೆಲ್ಲ ಸಲೀಸಾಗಿ ಓದಬಹುದಿತ್ತು. ಎಲ್ಲರಂತೆ ಅದನ್ನೂ ಒಪ್ಪಿ ಸಹಿ ಹಾಕಿದೆ. ಹಾಕುತ್ತ, ತಲೆ ಎತ್ತದೆ, ಕ್ಷಮಿಸಿ ಸಿಂಹಾಚಲಂಗಾರೂ, ನಾನು ಬರೆದದ್ದು ತಪ್ಪಾಯಿತು ಎಂದು ತೆಲುಗಿನಲ್ಲೇ ಹೇಳಿದೆ. ಅಷ್ಟು ಹೊತ್ತಿಗೆ ನನ್ನ ತೆಲುಗು ಸುಧಾರಿಸಿತ್ತು.

"ಪೋನೀಲೆಂಡಮ್ಮಾ," ಎಂದರು, ಮಾರ್ಕರಿಗೆ ಮುಚ್ಚಳ ಹಾಕುತ್ತ. "ಮೀಕು ತೆಲುಗು ರಾದು ಗದಾ."

ಹೋಗಲಿ ಬಿಡಿ, ನಿಮಗೆ ತೆಲುಗು ಬರುವುದಿಲ್ಲವಲ್ಲ. ನನಗಾಗಿ ಅವರೇ ಒಂದು ನೆಪ ಹುಡುಕಿಟ್ಟಿದ್ದರು. ಹದಿನೇಳು ದಿನ ಯೋಚಿಸಿ, ಯಾರ ಮೇಲೂ ಸಿಟ್ಟಾಗಬೇಕಿಲ್ಲದಂಥ ಒಂದು ಕಾರಣವನ್ನು ಕಂಡುಕೊಂಡಿದ್ದರೇನೋ. ಪ್ರದರ್ಶನಕ್ಕೆ ಹದಿಮೂರು ದಿನ ಮೊದಲೇ ನನಗೆ ಗೊತ್ತಾಗಿತ್ತು ಎಂದು ಆಗ ಹೇಳಬೇಕಿತ್ತು. ನಾನು ತಲೆಯಾಡಿಸಿದೆ, ಹೌದು, ಬರುವುದಿಲ್ಲ ಎಂಬಂತೆ. ಮಾರ್ಚಿನಲ್ಲಿ ಹೈದರಾಬಾದಿಗೆ ವರ್ಗ ಕೇಳಿಕೊಂಡು ಹೋದೆ. ಆ ಮೂರು ತಿಂಗಳಲ್ಲಿ ಇಂಟು ಗುರುತು ಬಿಟ್ಟು ಬೇರೇನನ್ನೂ ಅವರು ಬರೆದದ್ದು ನಾನು ನೋಡಲಿಲ್ಲ.

"ಅಕ್ಕಾ, ಏನ ನಿಂತಿ? 'ಪು' ಅಂದ್ರ ಏನು ತಿಳೀತದ?" ಎಂದಳು ಸಿಂಧು. ಅವಳ ಕೈಯಲ್ಲಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ದುಂಡನೆಯ ವಸ್ತುವೊಂದಿತ್ತು. ಬಿಚ್ಚಿದಳು. ನೀರಿಲ್ಲದ ದೋಣಿ. ಉಳಿದವನ್ನು ಅವರಿವರಿಗೆ ಕೊಟ್ಟಿದ್ದಳಂತೆ, ಇದೊಂದನ್ನು ಬಿಡಲು ಮನಸ್ಸಾಗಿರಲಿಲ್ಲ. ಗೆರೆಗಳು ಸ್ವಲ್ಪ ಕಂದಿದ್ದವು. ಆದರೂ ಆ ಕಿವಿಗಳೆಲ್ಲ ಮೊದಲಿನ ಹಾಗೆಯೇ ಕೇಳಿಸಿಕೊಳ್ಳುತ್ತ ಇದ್ದವು.

"ಏನ ಮನಿಷ್ಯಾ ಅಲ್ಲಾ?" ಎಂದಳು. "ಆ ಹೆಸರು ಇಟ್ಟು ಪಾಪ ಅವ್ರಿಗೆ ಭಾಳ ತ್ರಾಸ ಆತಂತ. ನೀನರ ಏನ ಮಾಡ್ತಿ, ನಿನಗ ಆಗ ತೆಲುಗು ಬರತಿದ್ದಿಲ್ಲಲ್ಲ."

ಅದೇ ನೆಪ, ಅವರು ಕೊಟ್ಟದ್ದೇ, ಇಷ್ಟು ವರ್ಷ ಕಳೆದರೂ ಹರಿಯದೆ ನನ್ನ ಬಳಿಗೇ ಬಂದಿತ್ತು.

"ಬರತಿತ್ತು," ಎಂದೆ.

ಅವಳು ಟೇಪು ಹರಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ಮುಚ್ಚಳವನ್ನು ಮಡಿಲಿಗೆ ಎಳೆದುಕೊಂಡು, ಮತ್ತೆ ಹೇಳಿದೆ. "ನಾ ಅವತ್ತು ಫೋನ್ ಮಾಡಿದ್ದು ಸುಮ್ಮನ ಅಲ್ಲ, ಸಿಂಧು. ಅಷ್ಟು ತೆಲುಗು ಬರತಿತ್ತು ನನಗ." ಹೇಳಬೇಕಾದ ಮನುಷ್ಯ ಆರು ತಾಸಿನ ರೈಲಿನಾಚೆ ಇದ್ದರು, ಇದ್ದರೆ. ನಾನು ಹೇಳಿದ್ದು ಒಂದು ರಟ್ಟಿನ ಮುಚ್ಚಳದ ಕಿವಿಗಳಿಗೆ.